ನನ್ನ ಗಂಟಲು, ನಿಕ್ ಲೋ, ಮತ್ತು ನೀವೆಲ್ಲ

ಗಂಟಲಿನ ಆಪರೇಷನ್ ಆದಮೇಲೆ ಮೊನ್ನೆ ಮೊದಲ ಸಲ ವೇದಿಕೆ ಹತ್ತಿ ಹಾಡಿದೆ. ಆಗ ಫೋನ್ ಮಾಡಿದ್ದವರಿಗೆಲ್ಲ ಉತ್ತರ ಕೊಡಲಾಗಿರಲಿಲ್ಲ, ಮಾತಾಡಲೇಬಾರದೆಂದು ಡಾಕ್ಟರ ಕಟ್ಟಪ್ಪಣೆ ಇತ್ತು. ಆ ಡಾಕ್ಟರಿಗೆ, ಬಾಯಿ ಮುಚ್ಚಿ ಗುಂಯ್‌ಗುಡುವುದನ್ನೇ ವಾರಗಟ್ಟಲೆ ಮಾಡಿಸಿದ ಥೆರಪಿಸ್ಟ್ ಮೇಡಂಗೆ, ನನ್ನ ಜಾಗಕ್ಕೆ ಬೇರೆಯವರನ್ನು ತರದೆ ಕಾದ ಬ್ಯಾಂಡಿನ ಹುಡುಗರಿಗೆ, ಬರೀ ಕೈಸನ್ನೆಯಲ್ಲೇ ನನ್ನ ಜೊತೆ ಜಗಳವಾಡಿದ ಹೆಂಡತಿಗೆ ನಾನು ಋಣಿ.

ಇದನ್ನು ಓದಲಾರದ ಇನ್ನೊಬ್ಬರಿದ್ದಾರೆ: ಇಂಗ್ಲೆಂಡಿನ ಹಾಡುಗಾರ, ಹಾಡು ಕಟ್ಟುವವರು ನಿಕ್ ಲೋ. ಮೇಲಿನ ಸ್ವರಗಳು ಇನ್ನು ಮರಳುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ಕೇಳಿದ್ದೆಲ್ಲ ಅವರನ್ನೇ.

1970ರಲ್ಲಿ ಅವರ ಬ್ರಿನ್ಸ್‌ಲಿ ಶ್ವಾರ್ಜ್ ತಂಡವನ್ನು ಮೆರೆಸಲು ಪ್ರಚಾರದವರು ಬ್ರಿಟನ್ನಿನ ಪತ್ರಕರ್ತರನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಹೊತ್ತೊಯ್ದರು. ಕಾರ್ಯಕ್ರಮ ನೆಲಕಚ್ಚಿತು, ಪತ್ರಿಕೆಗಳು ಗೇಲಿ ಮಾಡಿದವು. ತಂಡ ಲಂಡನ್ನಿನ ಪಬ್ಬುಗಳಿಗೆ ಮರಳಿ ಅಬ್ಬರವಿಲ್ಲದ ಕಂಟ್ರಿ ರಾಕ್ ನುಡಿಸಿತು. 1976ರಲ್ಲಿ ದ ಡ್ಯಾಮ್ಡ್ ತಂಡದ ಮೊದಲ ಸಿಂಗಲ್ ರೆಕಾರ್ಡ್ ಮಾಡಿಸಿದವರು ಲೋ. ಪಂಕ್ ಎಂಬ ಒರಟು, ಬಿರುಸಿನ ರಾಕ್‌ನಲ್ಲಿ ಬ್ರಿಟನ್ನಿನ ಮೊದಲ ಸಿಂಗಲ್ ಅದೇ ಎನ್ನುತ್ತಾರೆ. ಇಂಗ್ಲೆಂಡಿನದೇ ಗಾಯಕ ಎಲ್ವಿಸ್ ಕಾಸ್ಟೆಲೊ ಅವರ ಮೊದಲ ಐದು ಆಲ್ಬಂಗಳನ್ನು ಮಾಡಿಸಿದವರೂ ಇವರೇ. 1979ರಲ್ಲಿ ಇವರದೇ ಪವರ್ ಪಾಪ್ ಹಾಡೊಂದು, ಅಂದರೆ ಗಿಟಾರಿನ ಬಿರುಸಿಗೆ ಇಂಪಾದ ಧಾಟಿ ಬೆರೆತದ್ದು, ಬ್ರಿಟನ್, ಅಮೆರಿಕ ಎರಡೂ ಕಡೆಯ ಹಿಟ್ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿತು.

ನನಗೆ ಬೇಕಾಗಿದ್ದು ಆಮೇಲಿನ ಕಥೆ. 1992ರಲ್ಲಿ ಇವರ ಹಳೆಯ ಹಾಡೊಂದನ್ನು ಕರ್ಟಿಸ್ ಸ್ಟೈಗರ್ಸ್ ಹಾಡಿದ್ದು 'ದ ಬಾಡಿಗಾರ್ಡ್' ಚಿತ್ರದ ಆಲ್ಬಂಗೆ ಸೇರಿ, ರಾಯಲ್ಟಿ ಹರಿದುಬಂತು. ಇಂಥ ದುಡ್ಡು ಕೈಗೆ ಬಂದಾಗ ಯಾರಾದರೂ ಹಳೆಯ ಹಿಟ್‌ನ ಧಾಟಿಯಲ್ಲೇ ಇನ್ನೊಂದಕ್ಕೆ ಕೈಹಾಕುತ್ತಿದ್ದರು. ಇವರು ದನಿ ತಗ್ಗಿಸಿದರು. 1994ರ 'ದಿ ಇಂಪಾಸಿಬಲ್ ಬರ್ಡ್' ಆಲ್ಬಂನಲ್ಲಿ ಅರಚಾಟವೇ ಇಲ್ಲ, ಪಕ್ಕದಲ್ಲಿ ಕೂತು ಹೇಳಿದ ಹಾಗಿದೆ. ಅದರ ಒಂದು ಹಾಡು ಅಮೆರಿಕದ ಕಂಟ್ರಿ ಗಾಯಕ ಜಾನಿ ಕ್ಯಾಶ್‌ಗೆಂದು, ಅಂದರೆ ಲೋ ಅವರ ಹೆಂಡತಿಯ ಮಲತಂದೆಗೆಂದು ಬರೆದದ್ದು. ಕ್ಯಾಶ್ ಅದನ್ನು ರೆಕಾರ್ಡ್ ಮಾಡುವ ಹೊತ್ತಿಗೆ ಆ ಮದುವೆ ಮುರಿದಿತ್ತು. ಹಾಡಿಗೆ ಅದರ ಗೊಡವೆ ಇರಲಿಲ್ಲ, ಬಿಡಿ.

2024ರಲ್ಲಿ, 75ರ ಪ್ರಾಯದಲ್ಲಿ, ಕುಸ್ತಿಪಟುಗಳ ಮುಖವಾಡ ಹಾಕಿಕೊಂಡು ನುಡಿಸುವ ತಂಡದ ಜೊತೆ ಲೋ ಹೊಸ ಆಲ್ಬಂ ತಂದರು. ಹಾಸ್ಯಪ್ರಜ್ಞೆಗೆ ವಯಸ್ಸಾಗಿಲ್ಲ.

ಮೊನ್ನೆ ಶ್ರುತಿ ಎರಡು ಮನೆ ಇಳಿಸಿ ಹಾಡಿದೆವು. ಮೊದಲಿನ ಎತ್ತರ ಇಲ್ಲವಲ್ಲ ಎಂದು ಕೆಲವರು ಪೇಚಾಡಿಕೊಂಡಿದ್ದೀರಿ. ಅಲ್ಲಿಗೆ ಇನ್ನು ಹೋಗುವುದಿಲ್ಲ. ಈ ದನಿ ಹಿಡಿಸಿದರೆ ಮತ್ತೆ ಬನ್ನಿ. ಮುಂದಿನ ಸಲ ಲೋ ಅವರದೂ ಒಂದು ಹಾಡುತ್ತೇವೆ. ಕೀಬೋರ್ಡಿನ ಹುಡುಗನಿಗೆ ಇನ್ನೂ ಹೇಳಿಲ್ಲ.