ಮರುಓದಿಗೆ ಸಂಕ್ಷಿಪ್ತ ಪ್ರತಿ ಸಲ್ಲದು

ಮಾನ್ಯರೇ,

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿ ಮತ್ತೆ ಓದಲು ಹೊರಟವರು ಸಂಕ್ಷಿಪ್ತ ಪ್ರತಿಯನ್ನು ಮುಟ್ಟದಿರುವುದೇ ಮೇಲು. ಕಥೆ ಗೊತ್ತಿದ್ದವರಿಗೆ ರುಚಿ ಸಿಗುವುದು ಕತ್ತರಿ ಮೊದಲು ಬೀಳುವ ಜಾಗಗಳಲ್ಲೇ. 10ನೇ ಅಧ್ಯಾಯದಲ್ಲಿ ಹೆಂಡದಂಗಡಿಗೆ ಬಂದ ಅಪರಿಚಿತ, ರಮ್ಮನ್ನು ಚಮಚದ ಬದಲು ಅರದಿಂದ ಕಲಕುತ್ತಾನೆ. ಹೊರಡುವಾಗ ಕಥಾನಾಯಕ ಹುಡುಗ ಪಿಪ್‌ನ ಕೈಗೆ ಒಂದು ಶಿಲ್ಲಿಂಗ್ ಇಡುತ್ತಾನೆ. ಅದಕ್ಕೆ ಸುತ್ತಿದ ಮುದ್ದೆ ಕಾಗದವೇ ಒಂದು ಪೌಂಡಿನ ಎರಡು ನೋಟು! ಪಿಪ್‌ನ ಸಿರಿ ಎಲ್ಲಿಂದ ಬರಲಿದೆ ಎಂಬ ಗುಟ್ಟು ಅಲ್ಲೇ ಬಿದ್ದಿದೆ, ಮೊದಲ ಓದಿಗೆ ಕಾಣದು. 26ರಲ್ಲಿ ವಕೀಲ ಜ್ಯಾಗರ್ಸ್ ಮನೆಗೆಲಸದವಳ ಮಣಿಕಟ್ಟು ಹಿಡಿದು ಎಲ್ಲರಿಗೂ ತೋರಿಸುವುದೂ ಸುಮ್ಮನಲ್ಲ. 48ರಲ್ಲಿ ಆ ಕೈಗಳನ್ನು ಮತ್ತೆ ನೋಡಿ.

ಒಂದೇ ಉಸಿರಿಗೆ ಮುಗಿಸಹೊರಟರೆ ನಡುವಿನ ಲಂಡನ್ ಅಧ್ಯಾಯಗಳು ಜೋಲುತ್ತವೆ. ಇದು 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ವಾರವಾರ ಬಂದ ಧಾರಾವಾಹಿ. ಒಟ್ಟು 59 ಅಧ್ಯಾಯ. ವಾರಕ್ಕೆ ಎರಡರಂತೆ ಓದಿದರೆ ಹದ.

ಪ್ರತಿ ಕೊಳ್ಳುವಾಗ ಅನುಬಂಧ ತೆರೆದು ನೋಡಿ. ಗೆಳೆಯ ಬುಲ್ವರ್ ಲಿಟ್ಟನ್ ಮಾತು ಕೇಳಿ ಡಿಕನ್ಸ್ ಕೈಬಿಟ್ಟ ಮೊದಲಿನ ಅಂತ್ಯ ಅಲ್ಲಿರಬೇಕು. ಆ ಸಪ್ಪೆ ಬೀಳ್ಕೊಡುಗೆಯೇ ಕಥೆಗೆ ಹೆಚ್ಚು ಒಪ್ಪುತ್ತದೆ.

ಇಂತಿ,
ಓರ್ವ ಓದುಗ