ಬೆಟ್ಟದ ಮನೆ ನೋಡಿ ಬಂದ ಸೋದರ ಸೊಸೆಗೆ

ಚಿ. ಸೌ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಅಮೆರಿಕದಲ್ಲಿ ಗುಲಾಮಗಿರಿಯಿಂದ ಓಡಿಬಂದವರಿಗೆ ಹಿಂದೆ ರಾತ್ರಿ ಬಾಗಿಲು ತೆಗೆಯುತ್ತಿದ್ದ ಬೆಟ್ಟದ ಮನೆಯನ್ನು ನೋಡಿ ಬಂದು ನೀನು ಬರೆದ ಪತ್ರ ಕೈಸೇರಿ ಎಂಟು ದಿನವಾಯಿತು. ಊರಿನ ಸುದ್ದಿಯನ್ನು ನಿನ್ನ ಅಮ್ಮ ದಿನವೂ ಫೋನಿನಲ್ಲಿ ಒಪ್ಪಿಸುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಮೂರನೆಯ ಪುಟದ ತುದಿಯಲ್ಲಿ ನೀನು ಬರೆದು, ಹೊಡೆದುಹಾಕಿ, ಮತ್ತೆ ಬರೆದ ಸಾಲು: "ಮಾವ, ಆ ಮನೆಯಲ್ಲಿ ನಾನಿದ್ದಿದ್ದರೆ ಬಾಗಿಲು ತೆಗೆಯುತ್ತಿರಲಿಲ್ಲ. ಮಗನನ್ನು ತಬ್ಬಿಕೊಂಡು ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ."

ಹಾಗೆಲ್ಲ ಅಂದುಕೊಳ್ಳಬೇಡ, ನೀನು ಒಳ್ಳೆಯ ಹುಡುಗಿ ಎಂದು ಎರಡು ಗೆರೆ ಗೀಚಿ ಅಂಚೆಗೆ ಹಾಕಿಬಿಡಬಹುದಿತ್ತು. ಮಾವನಾದವನು ಮಾಡಬೇಕಾದದ್ದೂ ಅದೇ ಇರಬೇಕು. ನನ್ನಿಂದ ಆಗಲಿಲ್ಲ.

ನೀನು ಕಳಿಸಿದ ಚಿತ್ರಗಳನ್ನು ಮೂರು ಸಲ ನೋಡಿದೆ. ಒಹಾಯೊ ರಾಜ್ಯದ ರಿಪ್ಲಿ ಊರಿನ ಆ ಮನೆ ನಾನು ಅಂದುಕೊಂಡದ್ದಕ್ಕಿಂತ ಎಷ್ಟು ಸಣ್ಣದು! ಕೆಂಪು ಇಟ್ಟಿಗೆಯ, ಒಂದು ಬಡ ಮೇಷ್ಟರ ಮನೆಯಂಥ ಮನೆ. ಅದರಲ್ಲಿ ಪಾದ್ರಿ ಜಾನ್ ರಾಂಕಿನ್, ಹೆಂಡತಿ ಜೀನ್, ಹದಿಮೂರು ಮಕ್ಕಳು. ಅವರಲ್ಲದೆ ರಾತ್ರಿ ಆಶ್ರಯ ಕೇಳಿ ಬಂದವರು. 'ಅಂಡರ್‌ಗ್ರೌಂಡ್ ರೈಲ್‌ರೋಡ್' ಎಂಬ ಹೆಸರು ಕೇಳಿ ನಾನು ಬಹಳ ಕಾಲ ಸುರಂಗವನ್ನೇ ಕಲ್ಪಿಸಿಕೊಂಡಿದ್ದೆ. ಹಳಿಯೂ ಇಲ್ಲ, ಸುರಂಗವೂ ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಕತ್ತಲಲ್ಲಿ ಮನುಷ್ಯರನ್ನು ದಾಟಿಸುವುದು, ಅಷ್ಟೇ. ಕೆಳಗೆ ಒಹಾಯೊ ನದಿ. ಆಗ ಆಚೆ ದಡದ ಕೆಂಟಕಿಯಲ್ಲಿ ಮನುಷ್ಯನನ್ನು ಮಾರಬಹುದಿತ್ತು, ಈಚೆ ದಡದಲ್ಲಿ ಮಾರುವಂತಿರಲಿಲ್ಲ. ಆದರೆ ಈಚೆಗೆ ಬಂದವನನ್ನೂ ಹಿಡಿದೊಯ್ಯಬಹುದಿತ್ತು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯ್ದೆ ಬಂದ ಮೇಲಂತೂ ಅಡಗಿಸಿಟ್ಟವರಿಗೆ ಸಾವಿರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಸೆರೆ.

ನಿನ್ನ ಭಯ ಮಗನದು. ಅದು ನನಗೆ ಅರ್ಥವಾಗುತ್ತದೆ. ರಾಂಕಿನ್ ಗಂಡುಮಕ್ಕಳನ್ನು ಮಧ್ಯರಾತ್ರಿ ಎಬ್ಬಿಸಿ, ಇವರನ್ನು ಮುಂದಿನ ಊರಿಗೆ ಮುಟ್ಟಿಸಿ ಬಾ ಎಂದು ಕಳಿಸುತ್ತಿದ್ದರಂತಲ್ಲ, ಅದನ್ನು ಕೇಳುವಾಗ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ ಎಂದು ಬರೆದಿದ್ದೀಯೆ. 1841ರಲ್ಲಿ ಆ ಮನೆಗೆ ರಾತ್ರಿ ಮುತ್ತಿಗೆ ಹಾಕಿದಾಗ ಗುಂಡಿನೆದುರು ನಿಂತದ್ದೂ ಆ ಮಕ್ಕಳೇ. ಅದು ಧೈರ್ಯವೋ, ಮಕ್ಕಳ ಪ್ರಾಣದೊಡನೆ ಆಡಿದ ಆಟವೋ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದರೆ 1838ರ ಚಳಿಗಾಲದಲ್ಲಿ ಕರಗುತ್ತಿದ್ದ ಹಿಮದ ಮೇಲೆ ಕಾಲಿಟ್ಟು, ಕೂಸನ್ನು ಎತ್ತಿಕೊಂಡು ಆ ನದಿ ದಾಟಿ ಬಂದ ತಾಯಿಯ ಕಥೆಯನ್ನೂ ನೀನೇ ಬರೆದೆ. ಅವಳದೂ ಮಗುವಿನ ಭಯವೇ ತಾನೇ? ನಿನ್ನನ್ನು ಮಂಚಕ್ಕೆ ಅಂಟಿಸುವ ಭಯವೇ ಅವಳನ್ನು ನೀರಿಗಿಳಿಸಿತು. ಇದನ್ನು ಬರೆದು ನಿನ್ನನ್ನು ಇನ್ನಷ್ಟು ನೋಯಿಸಿದೆನೋ ಏನೋ.

ಈಗ ನನ್ನದು.

1973ರ ಆಷಾಢ. ಅಪ್ಪ ಅಡಿಕೆ ಮಂಡಿಯ ಲೆಕ್ಕಕ್ಕೆಂದು ಶಿವಮೊಗ್ಗಕ್ಕೆ ಹೋಗಿದ್ದರು. ನಾನು ನಡುಮನೆಯಲ್ಲಿ ಲಾಟೀನು ಇಟ್ಟುಕೊಂಡು ಟೀಚರ್ ಪರೀಕ್ಷೆಗೆ ಓದುತ್ತಿದ್ದೆ. ಮಳೆಯ ಸದ್ದಿನ ನಡುವೆ ಹೆಬ್ಬಾಗಿಲಿನಲ್ಲಿ "ಅಯ್ಯಾ" ಎಂಬ ದನಿ. ಯಾರೆಂದು ಗೊತ್ತಾಯಿತು. ಗದ್ದೆಯಾಚೆಯ ದೊಡ್ಡಮನೆಯ ಜೀತದ ಹುಡುಗ; ಹದಿನಾಲ್ಕೋ ಹದಿನೈದೋ ವರ್ಷ. ಅವನ ಅಪ್ಪ ಮದುವೆಗೆಂದು ತೆಗೆದುಕೊಂಡಿದ್ದ ಸಾಲಕ್ಕೆ ಅವನು ದುಡಿಯುತ್ತಿದ್ದ. ಹಿಂದಿನ ವಾರ ಅವನಿಗೆ ಬಿದ್ದ ಏಟಿನ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಎರಡನೆಯ ಸಲ "ಅಯ್ಯಾ" ಎಂದ. ನಾನು ಲಾಟೀನಿನ ಬತ್ತಿ ಇಳಿಸಿದೆ.

ಪುಟ್ಟಿ, ಅವನು ಆ ಬೆಳಕನ್ನು ನೋಡಿಯೇ ಬಂದಿದ್ದ.

ಬೆಳಿಗ್ಗೆ ಜಗಲಿಯ ಮೇಲೆ ನೀರು ನಿಂತಿತ್ತು, ಮಳೆಗೆ ಹೊದೆಯುವ ಒಂದು ಹರಿದ ಗೊರಬು ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಹೊಳೆಯ ಕಡವಿನಲ್ಲಿ ಹಿಡಿದು ವಾಪಸು ತಂದರೆಂದು ಕೇಳಿದೆ. ಗೊರಬನ್ನು ಕೊಟ್ಟಿಗೆಯ ಅಟ್ಟಕ್ಕೆ ಎಸೆದೆ. ಯಾರಿಗೂ ಹೇಳಲಿಲ್ಲ, ನಿನ್ನ ಅತ್ತೆಗೂ.

ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದೇನೆ ಎಂದುಕೊಳ್ಳಬೇಡ. ಅಲ್ಲಿ ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತು ಮಾರುವುದಕ್ಕೆ ರಾಜ್ಯವೇ ರುಜು ಹಾಕುತ್ತಿತ್ತು. ಆದರೆ ಒಂದು ಮಾತು ನನ್ನನ್ನು ಈ ಎಂಟು ದಿನವೂ ಬಿಟ್ಟಿಲ್ಲ. ಬಾಗಿಲು ತೆಗೆದರೆ ರಾಂಕಿನ್ ಮನೆಯವರಿಗೆ ದಂಡವಿತ್ತು, ಗುಂಡಿತ್ತು. ನನಗೆ ಏನಿತ್ತು? ನನ್ನನ್ನು ಹಿಡಿಯುವ ಕಾಯ್ದೆ ಯಾವುದೂ ಇರಲಿಲ್ಲ. ಇದ್ದದ್ದು ದಾಕ್ಷಿಣ್ಯ. ದೊಡ್ಡಮನೆಗೆ ನಮ್ಮದೂ ಬಾಕಿಯಿತ್ತು, ಅದು ನಿನಗೆ ಗೊತ್ತಿರುವ ಕಥೆಯೇ. ನಮ್ಮ ಕೊಟ್ಟಿಗೆಯಲ್ಲೂ ಒಬ್ಬ ಜೀತದವನಿದ್ದ, ಅದನ್ನು ಮಾತ್ರ ನಾವು ಯಾರೂ ಹೇಳುವುದಿಲ್ಲ. ಎರಡು ವರ್ಷಕ್ಕೆ, 1975ರ ಅಕ್ಟೋಬರಿನಲ್ಲಿ, ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು; 1976ರಲ್ಲಿ ಕಾಯ್ದೆಯಾಯಿತು. ಮೇಷ್ಟರಾಗಿ ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೆ. ಇಸವಿಯನ್ನು ತಪ್ಪು ಬರೆದ ಹುಡುಗರ ಅಂಕವನ್ನೂ ಕಳೆದಿದ್ದೇನೆ.

ಆಗ ಮನಸ್ಸಿಗೆ ಹೇಳಿಕೊಂಡದ್ದು ಗಾಳಿಯ ಸದ್ದು ಎಂದು. ಇಪ್ಪತ್ತು ವರ್ಷ ಅದು ಗಾಳಿಯೇ ಆಗಿತ್ತು. ನೀನು ಹಾಗೆ ಮಾಡಲಿಲ್ಲ. ನಡೆಯದ ರಾತ್ರಿಗೂ ನಿಜ ಬರೆದೆ. ಇದನ್ನು ಸಮಾಧಾನ ಎಂದು ಹೇಳುತ್ತಿಲ್ಲ, ನನಗೆ ಕಂಡದ್ದನ್ನು ಹೇಳಿದೆ.

ಇನ್ನೊಂದು, ತಪ್ಪಿದ್ದರೆ ಬಿಟ್ಟುಬಿಡು. ಬಾಗಿಲು ಬಡಿದ ಗಳಿಗೆಯಲ್ಲಿ ಯಾರಿಗೂ ಬುದ್ಧಿ ಓಡುವುದಿಲ್ಲ. ರಾಂಕಿನ್ ಮನೆಯ ಕಿಟಕಿಯಲ್ಲಿ ಆಚೆ ದಡಕ್ಕೆ ಕಾಣುವಂತೆ ದೀಪ ಇಡುತ್ತಿದ್ದರೆಂದು ಬರೆದಿದ್ದೀಯಲ್ಲ, ಅವರ ತೀರ್ಮಾನ ಆಗುತ್ತಿದ್ದದ್ದು ದೀಪ ಹಚ್ಚುವಾಗ, ಸಂಜೆ, ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೆ. ಆಮೇಲೆ ಬಾಗಿಲು ತೆಗೆಯುವುದು ಬರೀ ಎದ್ದು ಹೋಗುವ ಕೆಲಸ. ನಾನು ಸಂಜೆ ಏನನ್ನೂ ತೀರ್ಮಾನಿಸಿರಲಿಲ್ಲ, ಪರೀಕ್ಷೆಗೆ ಓದುತ್ತಿದ್ದೆ.

ಮಗ ಬೆಟ್ಟದ ಆ ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿದನೆಂದೂ ಮೇಲೆ ನಿಂತು "ನಮ್ಮ ಮನೆಗೆ ಬಂದಿದ್ದರೆ?" ಎಂದು ಕೇಳಿದನೆಂದೂ, ನೀನು ನೀರಿನ ಬಾಟಲಿ ಕೊಟ್ಟು ಮಾತು ಮರೆಸಿದೆಯೆಂದೂ ಬರೆದಿದ್ದೀಯೆ. ಮತ್ತೆ ಕೇಳಿದರೆ ಹೆದರುತ್ತಿದ್ದೆ ಎಂದೇ ಹೇಳು. ಹೇಳಬೇಕೆನಿಸದಿದ್ದರೆ ಬೇಡ, ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನನ್ನ ಮಾತು ಎಷ್ಟು ನಡೆದಿದೆ ಎಂದು ನಿನ್ನ ಅತ್ತೆಯನ್ನು ಕೇಳು. ಮುಂದಿನ ಸಲ ಹೋದರೆ ಬೆಟ್ಟದ ಮನೆಯೊಂದನ್ನೇ ನೋಡಿ ಬರಬೇಡ, ಕೆಳಗೆ ನದಿಯಂಚಿನ ಜಾನ್ ಪಾರ್ಕರ್ ಮನೆಗೂ ಅವನನ್ನು ಕರೆದೊಯ್ಯಿ. ಎಂಟು ವರ್ಷಕ್ಕೆ ತಾಯಿಯಿಂದ ಬೇರ್ಪಡಿಸಿ ಮಾರಿದ ಹುಡುಗ ಆತ; 1845ರಲ್ಲಿ 1800 ಡಾಲರ್ ತೆತ್ತು ತನ್ನನ್ನು ತಾನೇ ಕೊಂಡುಕೊಂಡ. ರಿಪ್ಲಿಯಲ್ಲಿ ಕಬ್ಬಿಣ ಎರಕದ ಕಾರ್ಖಾನೆ ನಡೆಸುತ್ತಲೇ ರಾತ್ರಿ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ ಜನರನ್ನು ಕರೆತರುತ್ತಿದ್ದ. ಬಾಗಿಲು ತೆಗೆದವರ ಕಥೆಯಷ್ಟನ್ನೇ ಕೇಳಿದರೆ ತಟ್ಟಿದವರು ಮಳೆಯಲ್ಲೇ ಉಳಿಯುತ್ತಾರೆ.

ರಾಂಕಿನ್ ಕೂಡ ಪತ್ರ ಬರೆದವರೇ, ಗೊತ್ತೇ? ವರ್ಜೀನಿಯಾದಲ್ಲಿದ್ದ ಸೋದರನೊಬ್ಬ ಗುಲಾಮರನ್ನು ಕೊಂಡನೆಂದು ತಿಳಿದು ಅವನಿಗೆ ಒಂದರ ಮೇಲೊಂದು ಪತ್ರ ಬರೆದರು. ಅವು 1826ರಲ್ಲಿ ಪುಸ್ತಕವೂ ಆದವು, ಆ ಸೋದರ ಕೊನೆಗೆ ಗುಲಾಮರನ್ನು ಬಿಡುಗಡೆ ಮಾಡಿದ. ನನ್ನ ಪತ್ರದಿಂದ ಯಾರಿಗೆ ಏನಾಗಬೇಕಿದೆ! ಆ ಹುಡುಗ ಆಮೇಲೆ ಘಟ್ಟದ ಕೆಳಗೆ ಹೋದನೆಂದರು. ನಾನು ವಿಚಾರಿಸಲಿಲ್ಲ.

ಮಗನ ಕೆಮ್ಮಿಗೆ ಕಾಳುಮೆಣಸಿನ ಕಷಾಯ ಮಾಡಿ ಕೊಡು.

ಆ ರಾತ್ರಿ ನಿನ್ನ ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಅವಳಿಗೂ ಕೇಳಿಸಿತ್ತೇ ಎಂದು ಐವತ್ತು ವರ್ಷದಲ್ಲಿ ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ನೀನು ಕೇಳುವುದಾದರೆ ಕೇಳು. ಫೋನಿನಲ್ಲಿ ಮಾತ್ರ ಬೇಡ, ಊರಿಗೆ ಬಂದಾಗ.

ಇತಿ,
ನಿನ್ನ ಮಾವ