ಪೇಪರ್ ಹಾಕಿದವರ ಮೇಲೆ ಯಾಕಿಷ್ಟು ಮುನಿಸು?

ಸಂಪಾದಕರಿಗೆ ನಮಸ್ಕಾರ.

ನಾನು ಹೂಟಗಳ್ಳಿ ಕಡೆಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈಚೆಗೆ ರಾಜೀನಾಮೆ ಕೊಟ್ಟೆ. ಜಗಳ ಆಡಿ ಕೊಟ್ಟಿದ್ದಲ್ಲ. ಇದೇ ಮೈಸೂರಲ್ಲಿ ಇನ್ನೊಂದು ಕಡೆ ಸಂಬಳ ಸ್ವಲ್ಪ ಜಾಸ್ತಿ, ಮನೆಗೂ ಹತ್ತಿರ, ಅಷ್ಟೇ ಕಾರಣ. ಆದರೆ ಪೇಪರ್ ಹಾಕಿದ ಮೇಲೆ ಸಾಹೇಬರು ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದಾರೆ, ಏನಿದ್ದರೂ ಬೇರೆಯವರ ಕೈಲಿ ಹೇಳಿಸುತ್ತಾರೆ. ಉಂಡ ಮನೆಯ ಜಂತೆ ಎಣಿಸುವವನು ಅಂತ ನನಗೆ ಕೇಳಿಸುವ ಹಾಗೇ ಅಂದಿದ್ದೂ ಆಯಿತು. ಕೂರ್ಗಳ್ಳಿ, ಮೇಟಗಳ್ಳಿ, ನಂಜನಗೂಡು ಕಡೆ ಕೆಲಸ ಮಾಡುವ ಗೆಳೆಯರನ್ನು ಕೇಳಿದರೆ ಅವರದ್ದೂ ಹೆಚ್ಚುಕಮ್ಮಿ ಇದೇ ಕಥೆ.

ಸಾಹೇಬರ ಸಿಟ್ಟನ್ನಾದರೂ ತಡೆದುಕೊಳ್ಳಬಹುದು. ಪಕ್ಕದಲ್ಲಿ ಕೂತು ಊಟ ಹಂಚಿಕೊಂಡವರು ಮುಖ ತಿರುಗಿಸಿದರೆ ತುಂಬಾ ನೋವಾಗುತ್ತದೆ. ಯಾಕೆ ಹೀಗೆ ಅಂತ ಯೋಚಿಸಿದಾಗ ನನಗೆ ಅನಿಸಿದ್ದು, ಅವರ ಕೋಪ ನಾವು ಹೋಗುತ್ತಿರುವುದಕ್ಕಲ್ಲ, ನಮ್ಮ ಕೆಲಸ ತಮ್ಮ ತಲೆ ಮೇಲೆ ಬೀಳುತ್ತದೆ ಅನ್ನುವುದಕ್ಕೆ. ಅದು ಸುಳ್ಳೂ ಅಲ್ಲ. ಈಗ ಯಾರಾದರೂ ಬಿಟ್ಟರೆ ಆ ಜಾಗಕ್ಕೆ ಬೇಗ ಜನ ತೆಗೆದುಕೊಳ್ಳುವುದಿಲ್ಲ, ಇದ್ದವರಿಗೇ ಹಂಚಿ, ಸಂಬಳ ಮಾತ್ರ ಅಷ್ಟೇ ಇಟ್ಟು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೇ ದಿನ ರಾತ್ರಿವರೆಗೂ ಕೂರಿಸುತ್ತಾರೆ. ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ನೋಟಿಸ್ ಅವಧಿ ಇರುವುದೇ ಹೊಸಬರನ್ನು ಹುಡುಕಿ ಕೆಲಸ ಕಲಿಸುವುದಕ್ಕೆ ಅಲ್ವಾ? ಆ ದಿನಗಳನ್ನು ಸುಮ್ನೆ ಕಳೆದುಬಿಟ್ಟು ಆಮೇಲೆ ಹೋಗುವವರ ಮೇಲೆ ಗೂಬೆ ಕೂರಿಸುವುದು ಯಾವ ನ್ಯಾಯ? ಇದು ಆಡಳಿತದವರ ತಪ್ಪು. ಸಹೋದ್ಯೋಗಿಗಳು ಈ ಪ್ರಶ್ನೆಯನ್ನು ಕೇಳಬೇಕಾದ್ದು ಅವರನ್ನು.

ಹೋಗುವವರಿಗೂ ಒಂದು ಮಾತು. ಯಾವ ಫೈಲು ಎಲ್ಲಿದೆ, ಯಾರಿಗೆ ಎಷ್ಟು ಬಾಕಿ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಎಲ್ಲ ಬರೆದು ಇಮೇಲಲ್ಲಿ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಹೊಸ ಕಡೆ ಸಂಬಳ ಎಷ್ಟು ಅಂತ ಕ್ಯಾಂಟೀನಿನಲ್ಲಿ ಮಾತಾಡಬೇಡಿ, ಉಳಿಯುವವರಿಗೆ ಸಂಕಟ ಆಗುತ್ತದೆ.

ಇನ್ನು ರಿಲೀವಿಂಗ್ ಲೆಟರ್ (ಕೆಲಸದಿಂದ ಬಿಡುಗಡೆ ಮಾಡಿದ ಪತ್ರ) ಕೊಡಲ್ಲ, ದುಡ್ಡು ತಡೆಹಿಡೀತೀವಿ ಅಂತ ಹೆದರಿಸುವವರ ವಿಷಯ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳವನ್ನು 2 ಕೆಲಸದ ದಿನಗಳೊಳಗೆ ಕೊಡಬೇಕು. 5 ವರ್ಷ ಸೇವೆ ಮುಗಿಸಿದ ಕಾಯಂ ನೌಕರರಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕೊಡುವ ಇಡುಗಂಟು, ಬರಬೇಕು, ಅದೂ 30 ದಿನದೊಳಗೆ. ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ಕಂಪನಿಯವರು ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆ ಕಟ್ಟಿ 2 ತಿಂಗಳಾದ ಮೇಲೆ ಪಿಎಫ್ ಪೋರ್ಟಲಿನಲ್ಲಿ ನಾವೇ ಹಾಕಿಕೊಳ್ಳಬಹುದು. ಇದು ಗೊತ್ತಿಲ್ಲದೆ ಎಷ್ಟೋ ಹುಡುಗರು, ಅದರಲ್ಲೂ ಮಂಡ್ಯ, ಶ್ರೀರಂಗಪಟ್ಟಣದಿಂದ ದಿನಾ ಬಸ್ಸಲ್ಲಿ ಬಂದು ಹೋಗುವವರು, ಬೈಸಿಕೊಂಡು ಬಾಯಿ ಮುಚ್ಚಿಕೊಂಡು ಇರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾರ್ಮಿಕ ಇಲಾಖೆಯವರು ಈ ನಿಯಮಗಳನ್ನು ಸರಳ ಕನ್ನಡದಲ್ಲಿ ಬರೆಸಿ ಪ್ರತಿ ಕಾರ್ಖಾನೆಯ ಗೇಟಿನ ಹತ್ತಿರ ಹಾಕಿಸಲಿ. ಎಚ್‌ಆರ್‌ನವರು ರಾಜೀನಾಮೆ ಒಪ್ಪಿದ ದಿನವೇ ಕೊನೆಯ ಕೆಲಸದ ದಿನ ಯಾವುದು, ಬಾಕಿ ದುಡ್ಡು ಯಾವತ್ತು, ಪತ್ರ ಯಾವತ್ತು ಅಂತ ಬರೆದು ಕೈಗೆ ಕೊಡಲಿ.

– ಒಬ್ಬ ಉದ್ಯೋಗಿ, ವಿಜಯನಗರ, ಮೈಸೂರು